ಒಗೆದ ಬಾವುಟ

ಕೈ ಇವತ್ತು ಸುಮ್ಮನಿತ್ತು. ಹಲ್ಲುಜ್ಜುವಾಗ ಸುಮ್ಮನಿತ್ತು, ಗಡ್ಡ ಹೆರೆಯುವಾಗ ಸುಮ್ಮನಿತ್ತು, ಹೆಂಡತಿ ಬಿಸಿ ಲೋಟವನ್ನು ಮೇಜಿನ ಮೇಲಿಡದೆ ಬೇಕೆಂದೇ ಕೈಗೆ ಕೊಟ್ಟಾಗಲೂ ಸುಮ್ಮನಿತ್ತು. ಅದೇ ಅವನಿಗೆ ಸಿಟ್ಟು ತರಿಸಿತು. ಬೇಡವಾದ ದಿನ ಸಾಧುವಿನ ಹಾಗೆ ಬಿದ್ದಿರುವ ಈ ಬಲಗೈ ಕಳೆದ ವಾರ ಸೈನಿಕರ ಸ್ಮಶಾನದಲ್ಲಿ, ಅಷ್ಟು ಜನರ ಎದುರು, ನೆನೆದ ನಾಯಿಮರಿಯ ಹಾಗೆ ಅದುರಿತ್ತು. ಶವಪೆಟ್ಟಿಗೆಯ ಮೇಲಿಂದ ಎತ್ತಿದ ಬಾವುಟದ ಅಂಚು ಅವನ ಬೆರಳುಗಳ ನಡುವೆ ಪಟಪಟ ಹೊಡೆದುಕೊಂಡಿತ್ತು. ಗಾಳಿ ಇರಬೇಕು ಎಂದು ನೋಡಿದವರು ಅಂದುಕೊಳ್ಳಲಿ ಎಂದು ಅವನು ಆ ಗಳಿಗೆಯಲ್ಲಿ ದೇವರನ್ನೂ ಬೇಡಿಕೊಂಡಿದ್ದ. ಆದರೆ ಎದುರು ತುದಿ ಹಿಡಿದವನ ಅಂಚು ಹಲಗೆಯ ಹಾಗೆ ನಿಂತಿತ್ತು. ಒಂದು ಬಟ್ಟೆಯ ಒಂದೇ ತುದಿಗೆ ಗಾಳಿ ಬೀಸುವುದುಂಟೆ. ಮಾರನೆಯ ದಿನ ಕ್ಯಾಪ್ಟನ್ ಅವನನ್ನು ಕರೆಸಿ, ಕುರ್ಚಿ ತೋರಿಸಿ, 'ಸ್ವಲ್ಪ ದಿನ ನೀವು ಉಗ್ರಾಣ ನೋಡ್ಕೊಳ್ಳಿ ಹವಾಲ್ದಾರರೇ, ವಿಶ್ರಾಂತಿ ಅಂದ್ಕೊಳ್ಳಿ' ಎಂದಿದ್ದ. ಹೇಳುವಾಗ ಅವನ ಮುಖ ನೋಡದೆ ಗೋಡೆಯ ಮೇಲಿನ ಗಡಿಯಾರ ನೋಡಿದ್ದ. ತನಗಿಂತ ಎಷ್ಟೋ ಚಿಕ್ಕವನಾದ ಕ್ಯಾಪ್ಟನ್. ಬೈದಿದ್ದರೆ ಸೆಟೆದು ನಿಂತು ಬೈಸಿಕೊಂಡು ಬರಬಹುದಿತ್ತು. ಕನಿಕರಕ್ಕೆ ಸೆಟೆದು ನಿಲ್ಲುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಪಾಳೆಯದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಇಸ್ತ್ರಿ. ಅವನು ಮಡಿಚಿದ ಬಾವುಟದ ಅಂಚಿನಲ್ಲಿ ತರಕಾರಿ ಹೆಚ್ಚಬಹುದು ಎಂದು ಯಾರೋ ಆಡಿದ್ದ ತಮಾಷೆಯಿಂದ ಬಂದ ಅಡ್ಡಹೆಸರು. ಅವನಿಗೆ ಅದು ಪದಕಕ್ಕಿಂತ ಹೆಚ್ಚಾಗಿತ್ತು. ಹೊಸಬರಿಗೆ ಮಡಿಚುವುದನ್ನು ಕಲಿಸುವಾಗ ಅವನು ಮೊದಲು ಹೇಳುತ್ತಿದ್ದದ್ದು ಒಂದೇ: ಕಣ್ಣು ಬಟ್ಟೆ ಬಿಟ್ಟು ಮೇಲೇಳಬಾರದು. ಅಳುವವರನ್ನು ನೋಡಿದಿರೋ, ಕೆಟ್ಟಿರಿ. ಬಟ್ಟೆ ಬಿಗಿಯಾಗಿರಬೇಕು, ನೆಲ ಮುಟ್ಟಬಾರದು, ತಲೆಯ ಕಡೆಯ ಅಂಚು ತಲೆಯ ಕಡೆಯೇ ಉಳಿಯಬೇಕು, ಕೊನೆಯಲ್ಲಿ ನಾಡಿನ ಲಾಂಛನ ಮೇಲಕ್ಕೆ ಬಂದು ಕೂರಬೇಕು, ಬಾಲದಂತೆ ಉಳಿದ ತುದಿ ಮಡಿಕೆಯೊಳಗೆ ಸೇರಿ ಕಾಣದಾಗಬೇಕು. ಮನೆಯಲ್ಲಿ ಚಾದರ ಮಡಿಚಲು ಅವನನ್ನು ಕರೆಯುವುದನ್ನು ಹೆಂಡತಿ ಮದುವೆಯ ಹೊಸದರಲ್ಲೇ ಬಿಟ್ಟಿದ್ದಳು. 'ನಿಮ್ ಜೊತೆ ಚಾದರ ಮಡಿಚೋದೂ ಒಂದೇ, ಕವಾಯತಿಗೆ ನಿಲ್ಲೋದೂ ಒಂದೇ' ಎಂದಿದ್ದಳು ನಗುತ್ತ. ಈಗ ಅವಳು ನಗುವುದಿಲ್ಲ. ಈಗ ಬಿಸಿ ಲೋಟ ಕೈಗೆ ಕೊಟ್ಟು, ಒಲೆಯ ಕಡೆ ತಿರುಗಿ, ಲೋಟದ ಸದ್ದಿಗೆ ಕಿವಿ ಕೊಟ್ಟಿರುತ್ತಾಳೆ. ಅವಳ ಬೆನ್ನು ಆಲಿಸುತ್ತಿರುವುದು ಅವನಿಗೆ ಗೊತ್ತಾಗುತ್ತದೆ.

ಉಗ್ರಾಣದಲ್ಲಿ ಕಂಬಳಿ, ಸೊಳ್ಳೆಪರದೆ, ಹಿಡಿ ಕಿತ್ತ ಮಗ್ಗುಗಳು, ಯಾರೂ ಹಾಕಿಕೊಳ್ಳದ ಅಳತೆಯ ಬೂಟುಗಳು. ಬೆಳಗ್ಗೆ ಬಂದವನೇ ಕಂಬಳಿಗಳನ್ನು ಕೆಳಗಿಳಿಸಿ ಮತ್ತೆ ಮಡಿಚಲು ಶುರು ಮಾಡಿದ್ದ. ಕಂಬಳಿ ಎಂಥ ಅಸಡ್ಡಾಳ ಬಟ್ಟೆ. ಎಷ್ಟು ತೀಡಿದರೂ ದಡೂತಿ ಹೆಂಗಸಿನ ಹಾಗೆ ಉಬ್ಬಿಕೊಂಡೇ ಕೂರುತ್ತದೆ. ಅವನು ಅಂಗೈಯಿಂದ ಅದರ ಹೊಟ್ಟೆ ಒತ್ತುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಒಬ್ಬ ಹೆಂಗಸು, ಕಚೇರಿಗೋ ಅಂಗಡಿಗೋ ಹೊರಟವಳ ಹಾಗೆ ಅಚ್ಚುಕಟ್ಟಾಗಿ ತಲೆ ಬಾಚಿಕೊಂಡವಳು, ಬಟ್ಟೆಯಂಗಡಿಯ ಚೀಲವೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

'ಇಸ್ತ್ರಿ ಮಾಡೋರು ಇಲ್ಲಿದ್ದಾರೆ ಅಂದ್ರು ಗೇಟಲ್ಲಿ.'

'ಇಸ್ತ್ರಿ ಮಾಡೋರಲ್ಲಮ್ಮ. ಇಸ್ತ್ರಿ ಅಂತ ಕರೀತಾರೆ, ಅಷ್ಟೆ. ನಾನೇ.' ಹೇಳುತ್ತಿದ್ದಂತೆ ಅವನ ಕಿವಿ ಬಿಸಿಯಾಯಿತು. ಗೇಟಿನ ಪಹರೆಯವನು ನಕ್ಕುಕೊಂಡೇ ಕಳಿಸಿರಬೇಕು.

'ಹಾಗಾದ್ರೆ ನೀವೇ. ಬಾವುಟ ಮಡಿಚೋ ತಂಡದವರು ಯಾರು ಅಂತ ಕೇಳ್ದೆ. ನಿಮ್ಮ ಹೆಸರು ಹೇಳಿದ್ರು.' ಅವಳು ಚೀಲವನ್ನು ಮೇಜಿನ ಮೇಲಿಡಲು ಹೋಗಿ, ಮೇಜಿನ ಧೂಳು ಕಂಡು ಮತ್ತೆ ಎದೆಗೇ ಹಿಡಿದುಕೊಂಡಳು. 'ಹೋದ ವರ್ಷ ನಮ್ಮನೆಯವರು ತೀರಿಕೊಂಡ್ರು. ನಿಮ್ಮಲ್ಲೇ ಡ್ರೈವರ್ ಆಗಿದ್ರು. ಘಾಟಿ ತಿರುವಲ್ಲಿ ಲಾರಿ ಮಗುಚಿತಲ್ಲ, ಅದರಲ್ಲಿ. ಇದು ಅವರ ಮೇಲೆ ಹೊದಿಸಿದ್ದು. ನಮ್ಮತ್ತೆ ಇದನ್ನ ಒಗೆದುಬಿಟ್ಟಿದ್ದಾರೆ.'

ಒಗೆದುಬಿಟ್ಟಿದ್ದಾರೆ ಎಂಬ ಮಾತು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಚೀಲದಿಂದ ತೆಗೆದದ್ದನ್ನು ಅವನು ನೋಡಲಾರದೆ ನೋಡಿದ. ಉಂಡೆ ಕಟ್ಟಿದ ಬಾವುಟ. ನೀಲಿ ಹಾಕಿ ಜಾಲಿಸಿದ್ದರಿಂದ ಅದರ ಬಿಳಿ ಪಟ್ಟಿ ಶಾಲೆಯ ಮಕ್ಕಳ ಅಂಗಿಯ ಹಾಗೆ ತಿಳಿನೀಲಿಯಾಗಿತ್ತು. ಹಗ್ಗಕ್ಕೆ ಸಿಕ್ಕಿಸಿದ ಕ್ಲಿಪ್ಪಿನ ಹಲ್ಲುಗಳು ಮೇಲಂಚಿನಲ್ಲಿ ಮೂಡಿದ್ದವು. ಹಿಂಡಿದ್ದರು ಕೂಡ, ತಿರುಚಿದ ಸುಕ್ಕುಗಳು ಲಾಂಛನದ ಮೇಲೆ ಹಾದುಹೋಗಿದ್ದವು. ಅವನು ಮೊದಲ ಬಾರಿ ಬಾವುಟ ಹಿಡಿದಾಗ ಕಲಿಸುವ ಮುದುಕ ಬೆತ್ತದಿಂದ ಬೆರಳ ಗಂಟಿಗೆ ಹೊಡೆದು ಹೇಳಿದ್ದ, ಬಟ್ಟೆ ಅಂದ್ಕೊಂಡು ಹಿಡಿದ್ರೆ ಬಟ್ಟೆ ಹಾಗೇ ಜಾರುತ್ತೆ ಕಣೋ ಎಂದು. ಆ ಮುದುಕನೇ ಒಂದೊಂದು ಮಡಿಕೆಗೂ ಒಂದೊಂದು ಅರ್ಥ ಹೇಳುತ್ತಿದ್ದ. ಮೊದಲನೆಯದು ಬದುಕಿಗೆ, ಮುಂದಿನದು ಹೋದವರಿಗೆ, ಆಮೇಲಿನದು ಹೆತ್ತವರಿಗೆ, ಹೀಗೆ. ನಿಯಮದ ಪುಸ್ತಕದಲ್ಲಿ ಅದೊಂದೂ ಇರಲಿಲ್ಲ. ಮುದುಕ ಒಂದು ದಿನ ಮಡಿಕೆಯ ಲೆಕ್ಕ ತಪ್ಪಿ ಇಬ್ಬಿಬ್ಬರಿಗೆ ಒಂದೇ ಮಡಿಕೆ ಹಂಚಿದಾಗ ಹುಡುಗರೆಲ್ಲ ತುಟಿ ಕಚ್ಚಿಕೊಂಡು ನಕ್ಕಿದ್ದರು. ಆದರೂ ಸ್ಮಶಾನದಲ್ಲಿ ಕೈಯಾಡಿಸುವಾಗ ಆ ಸುಳ್ಳುಪಳ್ಳು ಅರ್ಥಗಳೇ ಅವನ ನಾಲಿಗೆಯ ಕೆಳಗೆ ಓಡುತ್ತಿದ್ದವು.

'ಮುಗ್ಗಲು ವಾಸನೆ ಬರ್ತಿತ್ತಂತೆ' ಎಂದಳು ಅವಳು. 'ನಾನು ಕೆಲಸದಿಂದ ಬರೋ ಹೊತ್ತಿಗೆ ಮಹಡಿ ಮೇಲೆ ಒಣಹಾಕಿದ್ರು. ಟವೆಲ್ಲು, ದಿಂಬಿನ ಚೀಲ, ಮಧ್ಯದಲ್ಲಿ ಇದು. ಕೆಳಗಿನ ಮನೆಯವರು ಮೆಟ್ಟಿಲಲ್ಲೇ ಹಿಡ್ಕೊಂಡು, ಇದು ಅವಮಾನ, ಪೊಲೀಸಿಗೆ ಹೇಳ್ಬೇಕಾಗುತ್ತೆ ಅಂದ್ರು. ಅತ್ತೇನ ಕೇಳಿದ್ರೆ, ನನ್ನ ಮಗನ ಬಟ್ಟೆ ನಾನು ಒಗೀದೆ ಇನ್ಯಾರು ಒಗೀತಾರೆ ಅಂತ ನನ್ನನ್ನೇ ಕೇಳ್ತಾರೆ. ರಾತ್ರಿಯೆಲ್ಲ ಕೂತು ಮಡಿಚಕ್ಕೆ ನೋಡ್ದೆ. ಬರಲ್ಲ.'

'ಒಬ್ಬರ ಕೈಲಿ ಆಗಲ್ಲಮ್ಮ ಅದು.' ಅವನು ಗಂಟಲು ಸರಿಮಾಡಿಕೊಂಡ. ಹೇಳಬೇಕಾದದ್ದು ಅವನಿಗೆ ಬಾಯಿಪಾಠವಾಗಿತ್ತು. 'ನಿಯಮ ಏನಂದ್ರೆ, ಬಣ್ಣ ಕೆಟ್ಟಿದ್ದನ್ನ ಮತ್ತೆ ಮಡಿಚೋ ಹಾಗಿಲ್ಲ. ಯಾರೂ ನೋಡದ ಕಡೆ, ಮರ್ಯಾದೆಯಿಂದ ಸುಡ್ಬೇಕು. ನಿಮಗೆ ಹೊಸದು ಕೊಡಿಸ್ತಾರೆ. ಕ್ಯಾಪ್ಟನ್ ಒಳ್ಳೆಯವರು, ಇವತ್ತೇ ಕೊಡಿಸ್ತಾರೆ.'

'ಹೊಸದನ್ನ ಅವರ ಮೇಲೆ ಹೊದಿಸಿರಲಿಲ್ಲವಲ್ಲ' ಎಂದಳು ಅವಳು. ದನಿಯಲ್ಲಿ ವಾದವಿರಲಿಲ್ಲ, ಅಳತೆ ಸರಿಯಿಲ್ಲದ ಅಂಗಿಯನ್ನು ಅಂಗಡಿಯವನಿಗೆ ವಾಪಸು ಕೊಡುವವಳ ಹಾಗೆ ಹೇಳಿದಳು. ಆಮೇಲೆ, 'ನಿಮಗೆ ನಮ್ಮ ನೆನಪಿಲ್ಲ, ಅಲ್ವಾ?'

ಇರಲಿಲ್ಲ. ಬಂದಾಗಿನಿಂದ ಅವನು ಅವಳ ಮುಖವನ್ನು ಕದ್ದು ಕದ್ದು ನೋಡುತ್ತ ಅದನ್ನೇ ಹುಡುಕುತ್ತಿದ್ದ. ಲಾರಿ ಮಗುಚಿದ್ದು ನೆನಪಿತ್ತು, ಡ್ರೈವರನ ಮುಖವೂ ಮಂಜುಮಂಜಾಗಿ ಇತ್ತು, ಆದರೆ ಆ ಸಾವಿನ ದಿನವನ್ನು ಬೇರೆ ಸಾವುಗಳ ದಿನಗಳಿಂದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಎಲ್ಲ ಒಂದೇ ಬಿಸಿಲು, ಒಂದೇ ಕಹಳೆ, ಒಂದೇ ಬಿಳಿಯ ಕೈಗವಸು. ಕಣ್ಣು ಬಟ್ಟೆ ಬಿಟ್ಟು ಏಳಬಾರದೆಂದು ಹೊಸಬರಿಗೆ ಹೇಳಿಕೊಟ್ಟವನು, ತಾನೂ ಏಳಿಸದೆ, ಇಷ್ಟು ಜನರ ದುಃಖದ ಎದುರು ನಿಂತು ಒಬ್ಬರನ್ನೂ ನೋಡದೆ ಬಂದಿದ್ದ. ಅದನ್ನು ಶಿಸ್ತು ಎಂದುಕೊಂಡಿದ್ದ. 'ಇಲ್ಲಮ್ಮ' ಎಂದ. ಹೇಳಿದ ಮೇಲೆ ನಾಚಿಕೆಯಾಯಿತು.

ಕ್ಯಾಪ್ಟನ್ನನ್ನು ಕೇಳಿ ಬರಬೇಕೆಂದು ಬಾಗಿಲವರೆಗೆ ಹೋದ. ಕ್ಯಾಪ್ಟನ್ ಎದ್ದು ನಿಂತು ಅವಳಿಗೆ ಕುರ್ಚಿ ಕೊಡುತ್ತಾನೆ, ನೀರು ತರಿಸುತ್ತಾನೆ, ಮೃದುವಾಗಿ ಮಾತಾಡಿ ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಟ್ಟು ಕಳಿಸುತ್ತಾನೆ. ಎಲ್ಲವೂ ಸರಿಯಾಗಿಯೇ ಇರುತ್ತದೆ. ತನಗೆ ಕುರ್ಚಿ ತೋರಿಸಿದ್ದೂ ಸರಿಯಾಗಿಯೇ ಇತ್ತು. ಅವನು ಬಾಗಿಲು ಮುಂದೆ ತಳ್ಳಿ ಅಗಳಿ ಹಾಕಿದ. ಬೀರುವಿನಿಂದ ಇಸ್ತ್ರಿಪೆಟ್ಟಿಗೆ ತೆಗೆದು, ಮೇಜಿನ ಧೂಳು ಒರೆಸಿ, ಒಗೆದ ಚಾದರ ಹಾಸಿ, ಬಾವುಟವನ್ನು ಹಿಮ್ಮಗ್ಗುಲಿನಿಂದ ತೀಡಿದ. ಬಿಸಿಗೆ ನೀಲಿಯ, ಸೋಪಿನ, ಯಾರದೋ ಮನೆಯ ವಾಸನೆ ಎದ್ದಿತು.

'ಈ ತುದಿ ಹಿಡ್ಕೊಳ್ಳಿ. ಹೆಬ್ಬೆರಳು ಮೇಲೆ, ಬೆರಳು ಕೆಳಗೆ. ಎಳೆದೇ ಇರಬೇಕು, ಸಡಿಲ ಬಿಡಬಾರದು.'

ಕಂಬಳಿಗಳ ರಾಶಿಯ ನಡುವಿನ ಕಿರಿದಾದ ಜಾಗದಲ್ಲಿ ಅವರಿಬ್ಬರೂ ಎದುರುಬದುರು ನಿಂತರು. ಉದ್ದಕ್ಕೆ ಒಂದು ಸಲ. ಮತ್ತೆ ಒಂದು ಸಲ. ಅವಳು ಬೇಗ ಕಲಿತಳು. ಪರದೆಯಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ತನ್ನ ಕೆಲಸ, ಅಳತೆ ಹಿಡಿದು ನಿಲ್ಲುವುದು ಅಭ್ಯಾಸ ಎಂದಳು. ಮೂರನೆಯ ಮಡಿಕೆಗೆ ಬರುವಾಗ ಅಂಚು ಅದುರಲು ಶುರುವಾಯಿತು. ಬಂದೇಬಿಟ್ಟಿತು ಹಾಳಾದದ್ದು ಎಂದುಕೊಂಡು ಅವನು ಹಲ್ಲು ಕಚ್ಚಿ ಬಟ್ಟೆಯನ್ನು ಇನ್ನಷ್ಟು ಎಳೆದ. ಎಳೆದಷ್ಟೂ ಅದುರು ಅವನಿಂದ ಅವಳ ಕಡೆಗೆ, ಅವಳಿಂದ ಅವನ ಕಡೆಗೆ ಬಿಗಿದ ತಂತಿಯಲ್ಲಿ ಓಡಿದ ಹಾಗೆ ಓಡಿತು. ತಲೆ ಎತ್ತಿ ನೋಡಿದ. ಅವಳ ಗಲ್ಲ ನಡುಗುತ್ತಿತ್ತು, ಮೊಣಕೈ ನಡುಗುತ್ತಿತ್ತು. ಇದರಲ್ಲಿ ತನ್ನದೆಷ್ಟು, ಅವಳದೆಷ್ಟು ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ. ಇಬ್ಬರೂ ಹಾಗೇ ಎಳೆದು ಹಿಡಿದು, ಅದು ತಾನಾಗಿ ಇಳಿಯುವ ತನಕ ಕಾದರು.

'ಆವತ್ತು ನನ್ನ ತಲೇಲಿ ಏನಿತ್ತು ಗೊತ್ತಾ?' ಎಂದಳು ಅವಳು, ಬಟ್ಟೆಗೆ ಹೇಳುವ ಹಾಗೆ. 'ಚಪ್ಪಲಿ ಕಚ್ತಿತ್ತು. ಯಾರೋ ಅವಸರಕ್ಕೆ ತಂದುಕೊಟ್ಟ ಹೊಸ ಚಪ್ಪಲಿ. ನೀವು ಎಷ್ಟು ನಿಧಾನವಾಗಿ ಮಡಿಚ್ತಿದ್ರಿ ಅಂದ್ರೆ, ಬೇಗ ಮುಗಿಸಬಾರದಾ ಇವರು ಅಂತ ಬೈಕೋತಿದ್ದೆ. ಆಮೇಲೆ ದೊಡ್ಡ ಸಾಹೇಬರು ಇದನ್ನ ಹಿಡ್ಕೊಂಡು ನಮ್ಮ ಕಡೆ ತಿರುಗಿದ್ರು. ಪಕ್ಕದಲ್ಲಿ ಅತ್ತೆ ಎರಡೂ ಕೈ ಚಾಚಿದ್ರು. ನಾನು ನೋಡ್ದೆ. ನೋಡದವಳ ಹಾಗೆ ನಾನೇ ತಗೊಂಡೆ. ಅವರು ಕೈ ಕೆಳಗೆ ಬಿಟ್ರು. ಅವತ್ತಿಂದ ಇದು ನನ್ನ ಬೀರುವಲ್ಲೇ ಇದೆ, ಬೀಗ ಹಾಕಿ. ಮುಗ್ಗಲು ಹಿಡೀದೆ ಇನ್ನೇನಾಗುತ್ತೆ.'

ಅವನು ಮಡಿಕೆ ತೀಡಿದ. ಕೊನೆಗೆ ಬಂದಾಗ ಬಟ್ಟೆ ಸಾಲಲಿಲ್ಲ. ನೀರಿಗೆ ಬಿದ್ದು ಒಂದಿಷ್ಟು ಕುಗ್ಗಿತ್ತು. ಒಳಗೆ ಸಿಕ್ಕಿಸಬೇಕಾದ ತುದಿ ಮೊಂಡಾಗಿ ಹೊರಗೇ ಉಳಿಯಿತು, ಲಾಂಛನ ಒಂದು ಬದಿಗೆ ಸರಿದು ಕೂತಿತು. ಬಿಚ್ಚಿ ಮತ್ತೆ ಮಡಿಚಿದರು. ಮತ್ತೆ ಹಾಗೇ. ಹೊಸಬರಾಗಿದ್ದರೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ. ಈಗ ಅವನು ಮೊದಲ ಮಡಿಕೆಯನ್ನೇ ಕೊಂಚ ಕಿರಿದು ಮಾಡಿ, ಪುಸ್ತಕ ಬಲ್ಲವರು ಕಂಡರೆ ಹುಬ್ಬೇರಿಸುವಂಥ ಒಂದು ಅಡ್ಡಮಡಿಕೆ ಸೇರಿಸಿ, ತುದಿಯನ್ನು ಹೇಗೋ ಒಳಗೆ ನುಗ್ಗಿಸಿದ. ಅಂಚು ಚೂಪಾಗಿರಲಿಲ್ಲ. ಲಾಂಛನ ಮಾತ್ರ ನೆಟ್ಟಗೆ ಮೇಲೆ ನೋಡುತ್ತಿತ್ತು. ಒಂದು ಅಂಗೈ ಕೆಳಗೆ, ಒಂದು ಅಂಗೈ ಮೇಲೆ ಇಟ್ಟು ಅವಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ.

'ನನಗೆ ಒಂದ್ಸಲ ಕೊಟ್ಟಾಯ್ತಲ್ಲ. ಅವರಿಗೆ ಕೊಡಿ. ನಾನು ಕೊಟ್ರೆ ಸೊಸೆ ಕೊಟ್ಟ ಹಾಗಾಗುತ್ತೆ. ನೀವು ಬಂದು ಕೊಡಿ.'

ಉಗ್ರಾಣದ ಬೀಗದ ಕೈ ಗೇಟಿನವನ ಕೈಗಿತ್ತು, 'ಊಟಕ್ಕೆ ಹೋಗಿ ಬರ್ತೀನಿ' ಎಂದು ಅವನು ಹೊರಬಿದ್ದದ್ದು, ಆಮೇಲೆ ಯೋಚಿಸಿದಾಗ, ಇಷ್ಟು ವರ್ಷದ ನೌಕರಿಯಲ್ಲಿ ಅವನು ಮೊದಲ ಬಾರಿ ಮಾಡಿದ ಕೆಲಸ. ಬಸ್ಸಿನಲ್ಲಿ ಜನ ಸರಿದು ಅವರಿಬ್ಬರಿಗೂ ಜಾಗ ಕೊಟ್ಟರು. ಅವನು ಕೂರಲಿಲ್ಲ. ಬಾವುಟ ತೊಡೆಯ ಮೇಲಿಡಬಹುದೇ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಎರಡೂ ಕೈ ಬಾವುಟಕ್ಕೆ ಮೀಸಲಾಗಿ ಹಿಡಿಕೆ ಹಿಡಿಯಲಾರದೆ, ತಿರುವು ಬಂದಾಗೆಲ್ಲ ಕಂಬಕ್ಕೆ ಬೆನ್ನೊತ್ತಿ ಕಾಲು ಅಗಲಿಸಿ ನಿಂತ. ಅವನ ಮೈಮೇಲೆ ಕವಾಯತಿನ ಪೋಷಾಕಿರಲಿಲ್ಲ. ಉಗ್ರಾಣದ ಮಾಸಲು ನಿಲುವಂಗಿ, ಅದರ ಮೇಲೆ ಕಂಬಳಿಯ ನೂಲೆಳೆಗಳು. ಕೈ ಮತ್ತೆ ಅದುರುತ್ತಿತ್ತು. ಎದುರಿನ ಸೀಟಿನ ವ್ಯಕ್ತಿ ಕೈಯನ್ನೇ ನೋಡಿ, ಮುಖ ನೋಡಿ, ಎದ್ದು ನಿಂತುಬಿಟ್ಟ. ಅವನೊಬ್ಬ ಎದ್ದದ್ದಕ್ಕೆ ಅವನ ಪಕ್ಕದ ಸೀಟಿನವಳೂ ಎದ್ದಳು. ತನಗಲ್ಲ, ಬಾವುಟಕ್ಕೆ ಎಂದು ಅವನು ತನಗೇ ಹೇಳಿಕೊಂಡ. ಒಳಗೊಳಗೇ, ಬಾವುಟ ಕೊಡುವಾಗ ಕ್ಯಾಪ್ಟನ್ ಹೇಳುವ ಮಾತನ್ನು ಉರುಹೊಡೆಯುತ್ತಿದ್ದ: ಕೃತಜ್ಞವಾದ ಈ ನಾಡಿನ ಪರವಾಗಿ. ಅದು ಅಧಿಕಾರಿಗಳು ಹೇಳುವ ಮಾತು. ಅವನು ಎಷ್ಟೋ ಸಲ ಕೇಳಿದ್ದ, ಒಮ್ಮೆಯೂ ಆಡಿರಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿ. ಬಾಗಿಲಿನಿಂದಲೇ ಬಚ್ಚಲು ಕಾಣುತ್ತಿತ್ತು; ಮುದುಕಿ ಮಣೆಯ ಮೇಲೆ ಕೂತು ಬಕೆಟ್ಟಿನಲ್ಲಿ ಏನನ್ನೋ ಜಾಲಿಸುತ್ತಿದ್ದಳು. 'ಅತ್ತೆ, ಯಾರು ಬಂದಿದ್ದಾರೆ ನೋಡಿ' ಎಂದು ಸೊಸೆ ಕೂಗಿದಳು. ಮುದುಕಿ ಗೋಡೆ ಹಿಡಿದು ಎದ್ದು ಬಂದಳು. ಅವನು ಹಿಮ್ಮಡಿ ಕೂಡಿಸಿ ನಿಂತ, ಬಾವುಟವನ್ನು ಎದೆಯ ಮಟ್ಟಕ್ಕೆ ತಂದ, ಬಾಯಿ ತೆರೆದ. ನಾಡಿನ ಪರವಾದ ಮಾತು ಬರಲಿಲ್ಲ.

'ನಿಮ್ಮ ಮಗನದು' ಎಂದ. 'ತಗೊಳ್ಳಿ ಅಮ್ಮ.'

'ತಾಳಪ್ಪಾ, ಕೈ ಒದ್ದೆ.'

ಅವಳು ಟವೆಲ್ಲಿನಿಂದ ಕೈ ಒರೆಸಿಕೊಂಡಳು, ಸಾಲದೆಂದು ಸೆರಗಿನಲ್ಲೂ ಒರೆಸಿಕೊಂಡಳು, ಆಮೇಲೆ ಎರಡೂ ಅಂಗೈ ಮೇಲೆ ಮಾಡಿ ಚಾಚಿದಳು. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಅವನಿಗೆ ಆ ಉಗುರು ಗೊತ್ತಿತ್ತು. ಬಟ್ಟೆ ಬಿಟ್ಟು ಏಳದ ಕಣ್ಣಿಗೆ ಮುಖ ಸಿಕ್ಕಿರಲಿಲ್ಲ, ಆದರೆ ಆವತ್ತು ಬಾವುಟ ಕ್ಯಾಪ್ಟನ್ನಿನ ಕೈಗೆ ದಾಟಿದಾಗ ಅದರ ಹಿಂದೆಯೇ ಹೋದ ಅವನ ನೋಟದೊಳಕ್ಕೆ ಈ ಕೈಗಳು ಬಂದಿದ್ದವು. ಮೇಲೆದ್ದು, ಒಂದು ಗಳಿಗೆ ಬರಿದೇ ನಿಂತು, ಅದಕ್ಕೇ ಎದ್ದದ್ದೇನೋ ಎಂಬಂತೆ ತಮ್ಮದೇ ಬಟ್ಟೆಯ ನೆರಿಗೆ ಸರಿಪಡಿಸಿಕೊಂಡು ಕೆಳಗಿಳಿದಿದ್ದವು. ಅದರ ಜೊತೆಗೇ ಆ ದಿನವೂ ಉಳಿದ ದಿನಗಳಿಂದ ಬಿಡಿಸಿಕೊಂಡು ಎದ್ದು ಬಂತು. ಸ್ಮಶಾನದ ದಾರಿಗೆ ಹೊಸದಾಗಿ ಸುರಿದ ಜಲ್ಲಿ, ಮುಂದೆ ಹೊತ್ತವನ ಬೂಟು ಜಾರಿದ್ದು, ಪೆಟ್ಟಿಗೆ ಅಷ್ಟೂ ವಾಲಿ ಅವನ ಭುಜದ ಮೇಲೆ ಕೂತದ್ದು.

ಅವಳು ಬಾವುಟವನ್ನು ತೆಗೆದುಕೊಂಡು ಹಿಸುಕಿ ನೋಡಿದಳು. 'ಇಷ್ಟು ಬಿಗಿಯಾಗಿ ಮಡಿಚ್ತಾರೇನಪ್ಪ, ಉಸಿರು ಕಟ್ಟುತ್ತೆ ಅದಕ್ಕೆ.' ಆಮೇಲೆ, 'ಒಗೆದೆ ಅಂತ ಬಯ್ಯಕ್ಕೆ ಬಂದ್ಯಾ?'

'ಇಲ್ಲಮ್ಮ.'

'ಆವತ್ತು ನೀನಿದ್ಯಾ?'

'ಇದ್ದೆ. ಹೊತ್ತವರಲ್ಲೂ ಇದ್ದೆ.'

ಮುದುಕಿ ಅಡುಗೆಮನೆಯ ಕಡೆ ನೋಡಿದಳು. ಸೊಸೆ ಒಳಗೆ ಹೋಗಿದ್ದಳು. ಹತ್ತಿರ ಬಂದು ದನಿ ತಗ್ಗಿಸಿದಳು. 'ಒಂದು ಕೇಳ್ತೀನಿ, ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ. ಮುಚ್ಚಳ ತೆಗೀಲೇ ಇಲ್ಲ ನೋಡು ಅವರು. ನೋಡೋ ಹಾಗಿಲ್ಲ ಅಂದ್ರು. ಇವಳಿಗೂ ಹೇಳಿಲ್ಲ ನಾನು, ವರ್ಷದಿಂದ ಇದೊಂದೇ ಕೊರೀತಿದೆ. ಭಾರ ಇತ್ತಾ ಪೆಟ್ಟಿಗೆ?'

ಹಗುರ ಪೆಟ್ಟಿಗೆಗಳನ್ನೂ ಅವನು ಹೊತ್ತಿದ್ದ. ಹೊತ್ತವರು ಅಂಥ ದಿನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಭಾರ ಹೊತ್ತವರ ಹಾಗೆ ಹೆಜ್ಜೆ ಹಾಕುವುದನ್ನೂ ಅವರು ಕಲಿತಿದ್ದರು. ಬೆಳಗ್ಗೆ, ಆ ದಿನ ನೆನಪಾಗುವ ಮೊದಲು, ಯಾರಾದರೂ ಹೀಗೆ ಕೇಳಿದ್ದರೆ ಇತ್ತು ಎಂದು ಹೇಳಿ, ಆ ಸುಳ್ಳನ್ನು ಹೊತ್ತುಕೊಂಡು ಹೋಗುತ್ತಿದ್ದ.

'ಇತ್ತಮ್ಮ' ಎಂದ. 'ಚೆನ್ನಾಗಿ ಭಾರ ಇತ್ತು. ಜಲ್ಲಿ ಮೇಲೆ ಮುಂದಿನವನು ಜಾರಿದ. ಎಲ್ಲ ನನ್ನ ಭುಜಕ್ಕೇ ಬಂತು. ಆಮೇಲೆ ಎಷ್ಟೋ ದಿನ ಈ ಕಡೆ ಮಗ್ಗುಲಾಗಿ ಮಲಗೋಕೆ ಆಗ್ತಿರಲಿಲ್ಲ ನನಗೆ.'

'ಇದ್ದ, ಹಾಗಾದ್ರೆ.'

'ಇದ್ದ.'

ಅವಳು ಬಾವುಟವನ್ನು ತೋಳಿನ ಮೇಲೆ ಇಟ್ಟುಕೊಂಡಳು. 'ಚಿಕ್ಕೋನಿದ್ದಾಗ್ಲೂ ಹಾಗೇ. ನಿದ್ದೆ ಹೋದ ಅಂದ್ರೆ ಹೆಣಭಾರ. ಎತ್ತಿ ಮಲಗಿಸೋ ಹೊತ್ತಿಗೆ ನನ್ನ ಸೊಂಟ ಬಿದ್ದು...' ಆಡಿದ ಮಾತು ತನ್ನ ಕಿವಿಗೇ ಬಿದ್ದು ಅವಳು ತಟ್ಟನೆ ನಿಂತಳು. ಆದರೆ ಅವಳ ಬಾಯಿಂದ ಹೊರಟದ್ದು ನಗು, ಒಣಗಿದ, ಸಣ್ಣ, ಆದರೂ ನಗುವೇ. ಅದು ನಿಲ್ಲುವಾಗ ಕಣ್ಣಿಂದ ನೀರು ಸುರಿಯುತ್ತಿತ್ತು. ಬಾವುಟದ ಮೇಲೆ ಬೀಳದಂತೆ ಅವಳು ಅದನ್ನು ಪಕ್ಕಕ್ಕೆ ಹಿಡಿದಳು. ಹೊರಗೆ ಬಂದ ಸೊಸೆ ಬಾಗಿಲಲ್ಲೇ ನಿಂತಳು. ಇಬ್ಬರನ್ನೂ ನೋಡಿ, ಹತ್ತಿರ ಬಂದು ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು. ಮುದುಕಿ ಬಾವುಟದ ಒಂದು ತುದಿಯನ್ನು ಅವಳ ಕೈಗೆ ತಾಗಿಸಿ, 'ಬೀಗ ಹಾಕ್ಬೇಡ ಕಣೇ. ಗಾಳಿ ಆಡೋ ಕಡೆ ಇಡು' ಎಂದಳು. 'ಹೂಂ ಅತ್ತೆ' ಎಂದಳು ಅವಳು.

'ಅಲ್ಲಪ್ಪ' ಎಂದು ಮುದುಕಿ ಮತ್ತೆ ಅವನ ಕಡೆ ತಿರುಗಿದಳು, 'ಅಷ್ಟು ಬಿಸಿಲಲ್ಲಿ ಅಷ್ಟು ಭಾರ ಹೊತ್ರಲ್ಲ, ಯಾರಾದ್ರೂ ನಿಮಗೆ ಒಂದು ಲೋಟ ನೀರು ಕೊಟ್ರಾ?'

'ಹಾಗೆಲ್ಲ ಇಲ್ಲಮ್ಮ. ನಾವು ಹಾಗೇ ವಾಪಸು ಹೋಗ್ತೀವಿ.'

'ಕೊಡಲಿಲ್ವಾ? ನನ್ನ ಮಗನ್ನ ಹೊತ್ತವರಿಗೆ ನೀರೂ ಕೊಡದೆ ಕಳಿಸಿದ್ವಾ ನಾವು?' ಅವಳಿಗೆ ನಿಜಕ್ಕೂ ಅವಮಾನವಾಗಿತ್ತು, ಮುಖ ಕೆಂಪಾಯಿತು. 'ಕೂತ್ಕೋ ಮೊದಲು. ಕೂತ್ಕೋ ಅಂದೆ. ಲೇ, ದೊಡ್ಡ ಚೊಂಬು ತಾ.'

ಅವನು ಕೂತ. ಲೋಟ ಕೈಗೆ ಬಂದಾಗ ಅದುರಿತು, ನೀರು ತುಳುಕಿ ನಿಲುವಂಗಿಯ ಮೇಲೆ ಬಿತ್ತು. 'ನಿಧಾನ, ನಿಧಾನ' ಎಂದಳು ಅವಳು, 'ಯಾರೂ ಕಿತ್ಕೊಳ್ಳಲ್ಲ.' ಅವನು ಎರಡೂ ಕೈಯಲ್ಲಿ ಹಿಡಿದು ಒಂದೇ ಗುಟುಕಿಗೆ ಕುಡಿದ. ಇಷ್ಟು ಬಾಯಾರಿತ್ತೆಂದು ಗೊತ್ತೇ ಆಗಿರಲಿಲ್ಲ.

'ಎಷ್ಟು ಜನ ಹೊತ್ರಿ?'

'ಆರು ಜನ ಅಮ್ಮ.'

ಮುದುಕಿ ಚೊಂಬು ಬಗ್ಗಿಸಿ ಲೋಟವನ್ನು ಮತ್ತೆ ಕಂಠಮಟ್ಟ ತುಂಬಿಸಿದಳು. 'ಹಾಗಾದ್ರೆ ಮಿಕ್ಕೋರ ಪಾಲಿಂದೂ ನೀನೇ ಕುಡೀಬೇಕು' ಎಂದಳು. ಅವನು ಕತ್ತಿನ ಗುಂಡಿ ಬಿಚ್ಚಿ, ಕುರ್ಚಿಗೆ ಒರಗಿ, ಕುಡಿಯತೊಡಗಿದ.